ಸಿಲ್ವರ್ ಮರಗಳ ನಡುವೆ ಆರು ಹೋಲ್

ಮೂಡಿಗೆರೆ ಹತ್ತಿರ ಅಣ್ಣನ ಕಾಫಿ ತೋಟದ ಅಂಚಿನಲ್ಲಿ ಗಿಡ ಹಾಕದೆ ಬಿಟ್ಟ ಜಾಗ ಒಂದಿದೆ. ಸಿಲ್ವರ್ ಮರಗಳು, ಕೆಳಗೆ ಒಣಗಿದ ತರಗು, ಆಚೆ ಬದಿ ಲಂಟಾನ ಪೊದೆ. ಫೆಬ್ರವರಿಯಲ್ಲಿ ಕೊಯ್ಲು ಮುಗಿದು ಕೈ ಬಿಡುವಾದಾಗ ಅಲ್ಲೇ ಡಿಸ್ಕ್ ಗಾಲ್ಫ್ ಆಡಲು ಆರು ಹೋಲ್ ಮಾಡಿಕೊಂಡೆವು. ಗೊತ್ತಿಲ್ಲದವರಿಗೆ ಹೇಳುವುದಾದರೆ ಇದೂ ಗಾಲ್ಫೇ, ಚೆಂಡಿನ ಬದಲು ಡಿಸ್ಕ್, ಅಂದರೆ ಫ್ರಿಸ್ಬೀಯಂಥ ಪ್ಲಾಸ್ಟಿಕ್ ತಟ್ಟೆ ಎಸೆಯಬೇಕು, ಗುಂಡಿಯ ಬದಲು ಸರಪಳಿ ನೇತುಬಿಟ್ಟ ಬುಟ್ಟಿಗೆ ಬೀಳಿಸಬೇಕು, ಎಸೆತ ಕಡಿಮೆಯಾದಷ್ಟೂ ಒಳ್ಳೆಯದು.

ಅಮೆರಿಕದಲ್ಲಿ ಮೊದಮೊದಲು ಮರ, ಕಂಬಗಳನ್ನೇ ಗುರಿ ಮಾಡಿಕೊಂಡು ಆಡುತ್ತಿದ್ದರು. ಸರಪಳಿ ಬುಟ್ಟಿ ತಂದಿದ್ದು ಎಡ್ ಹೆಡ್ರಿಕ್, 1970ರ ದಶಕದಲ್ಲಿ. ನಾವೂ ಐದು ಮರಗಳಿಗೆ ಸೊಂಟದೆತ್ತರಕ್ಕೆ ಸುಣ್ಣದ ಪಟ್ಟಿ ಬಳಿದೆವು. ಆರನೆಯದಕ್ಕೆ ಮಾತ್ರ ಹಳೆ ಸೈಕಲ್ ರಿಮ್‌ಗೆ ಸರಪಳಿ ಕಟ್ಟಿ, ಕೆಳಗೆ ಬಿದಿರು ಬುಟ್ಟಿ ಇಟ್ಟೆವು. ಡಿಸ್ಕ್ ಸರಪಳಿಗೆ ಬಡಿದು ಝಲ್ ಎಂದು ಬುಟ್ಟಿಗೆ ಬೀಳುವ ಸದ್ದು ಕೇಳಿದರೆ ಮತ್ತೆ ಒಂದು ಸುತ್ತು ಆಡೋಣ ಅನಿಸುತ್ತದೆ.

ಮೊದಲ ಎಸೆತದ ಜಾಗದಿಂದ ಗುರಿಯವರೆಗೆ ಹೋಲ್‌ಗಳೆಲ್ಲ 35ರಿಂದ 55 ಮೀಟರ್ ಒಳಗೆ, ಎಲ್ಲಕ್ಕೂ ಪಾರ್ ಮೂರು, ಅಂದರೆ ಮೂರು ಎಸೆತದಲ್ಲಿ ಮುಗಿಸುವುದು ಲೆಕ್ಕ.

ನಾನು ಮೊದಲು ತಪ್ಪು ಮಾಡಿದ್ದು ಡಿಸ್ಕ್ ಆರಿಸುವುದರಲ್ಲಿ. ದೂರ ಹೋಗಲಿ ಅಂತ ಅಂಚು ತೆಳ್ಳಗಿರುವ, ಡ್ರೈವರ್ ಅನ್ನುವ ಡಿಸ್ಕ್ ಕೊಂಡಿದ್ದೆ. ಅದಕ್ಕೆ ಬೇಕಾದ ವೇಗ ನನ್ನ ಕೈಯಲ್ಲಿ ಇರಲಿಲ್ಲ. ಬಲಗೈಯವರು ಎದೆಯ ಅಡ್ಡಕ್ಕೆ ಎಳೆದು ಎಸೆದ ಡಿಸ್ಕ್ ವೇಗ ಕಮ್ಮಿಯಾಗುತ್ತಿದ್ದ ಹಾಗೆ ಎಡಕ್ಕೆ ಬಾಗುತ್ತದೆ, ಡ್ರೈವರ್ ಆದರೆ ಇನ್ನೂ ಜಾಸ್ತಿ, ಹಾಗಾಗಿ ಪ್ರತಿ ಸಲವೂ ಅದು ಸೀದಾ ಲಂಟಾನದ ಒಳಗೆ. ಆಮೇಲೆ 172 ಗ್ರಾಂನ ಒಂದೇ ಒಂದು ಪಟ್ಟರ್ (ಗುರಿಯ ಹತ್ತಿರದಿಂದ ಎಸೆಯಲೆಂದೇ ಇರುವ ಡಿಸ್ಕ್) ಹಿಡಿದು ಆರೂ ಹೋಲ್ ಆಡಿದೆ. ಅದು ನಿಧಾನವಾಗಿ, ನೇರವಾಗಿ ಹೋಗುತ್ತದೆ. ಹೊಸಬರಿಗೆ ಕಾಡಿನ ಕೋರ್ಸ್‌ನಲ್ಲಿ ಇದೊಂದೇ ಸಾಕು, ನಂಬಿ. ಬಣ್ಣ ಮಾತ್ರ ಕಡು ಗುಲಾಬಿ ಇರಲಿ, ತರಗಿನಲ್ಲಿ ಹಸಿರು, ಕಂದು ಡಿಸ್ಕ್ ಹುಡುಕಿ ಸುಸ್ತಾಗುತ್ತೀರಿ.

ಮೂರನೇ ಹೋಲ್‌ನಲ್ಲಿ ಎರಡು ಮರಗಳ ನಡುವೆ ಎರಡು ಮಾರು ಸಂದು ಇದೆ. ಅಲ್ಲಿ ನಾನು ಗುರಿಯ ಮರ ನೋಡುವುದನ್ನು ಬಿಟ್ಟು ಸಂದನ್ನಷ್ಟೇ ನೋಡಲು ಕಲಿತೆ. ಓಡಿ ಬಂದು ಎಸೆಯುವುದೂ ಬೇಡ, ತರಗಿನ ಮೇಲೆ ಕಾಲು ಜಾರುತ್ತದೆ. ನಿಂತಲ್ಲೇ, ಡಿಸ್ಕನ್ನು ಎದೆಯ ಮಟ್ಟದಲ್ಲಿ ನೇರ ಗೆರೆಯಲ್ಲಿ ಎಳೆದು ಬಿಡಿ. ಮುಂದಿನ ಅಂಚು ಮೇಲೆದ್ದರೆ ಡಿಸ್ಕ್ ಏರಿ, ನಿಂತು, ಎಡಕ್ಕೆ ಬೀಳುತ್ತದೆ. ಇದನ್ನು ಸರಿ ಮಾಡಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು.

ಅಣ್ಣ ಹಾಕಿದ ಷರತ್ತು ಒಂದೇ: "ಕಾಫಿ ಸಾಲಿಗೆ ಡಿಸ್ಕ್ ಹೋಗಬಾರದು ಕಣೋ, ಹೂ ಬರೋ ಹೊತ್ತು." ಹಾಗಾಗಿ ಕಾಫಿ ಸಾಲು ನಮಗೆ ಹೊರಗಡೆ. ಬಿದ್ದರೆ ಒಂದು ಎಸೆತ ದಂಡ. ಗುರಿಯಿಂದ 10 ಮೀಟರ್ ಒಳಗಿದ್ದರೆ ಎಸೆದ ಮೇಲೆ ಮುಂದಕ್ಕೆ ವಾಲಿ ಹೆಜ್ಜೆ ಇಡುವಂತಿಲ್ಲ, ಅದನ್ನೂ ಹಗ್ಗ ಹಿಡಿದು ಅಳೆದೆವು. ಅಣ್ಣನ ಮಗಳು ಇದರಲ್ಲಿ ಭಾರೀ ಕಟ್ಟುನಿಟ್ಟು. "ಚಿಕ್ಕಪ್ಪ, ಕಾಲು ಮುಂದೆ ಬಂತು, ಇನ್ನೊಂದು ಸಲ ಎಸೀರಿ" ಅಂತಾಳೆ, ನಾನು ಎಸೆಯುತ್ತೇನೆ.

ಜೂನ್ ಬಂದರೆ ಇಂಬಳದ ಕಾಟ, ಆಡೋಕಾಗಲ್ಲ. ಅಷ್ಟರೊಳಗೆ ಇನ್ನೆರಡು ಸೈಕಲ್ ರಿಮ್ ಹುಡುಕಬೇಕು.