ಸದರ್ನ್ ಪೆಸಿಫಿಕ್ ಎಂಜಿನ್‌ಗೆ ಬಣ್ಣ ಮತ್ತು ಕೊಳೆ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಘಟ್ಟದ ರೈಲೆಂದರೆ ಕ್ಯಾಸಲ್‌ರಾಕ್‌ನಿಂದ ಕುಳೆಮ್‌ಗೆ ಇಳಿಯುವ ದಾರಿ. ಮೂವತ್ತೇಳು ಅಡಿಗೆ ಒಂದು ಅಡಿ ಇಳಿಯುವ ಆ ಹಳಿಯಲ್ಲಿ ಸುರಂಗದೊಳಗೆ ಎಂಜಿನ್ ಹೊಕ್ಕಾಗ ಡಬ್ಬಿಯೊಳಗೆ ತುಂಬುತ್ತಿದ್ದ ಹೊಗೆಯ ವಾಸನೆ ಇಂದಿಗೂ ನೆನಪಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ನೆಲೆಸಿದ ಮೇಲೆ ಮಾದರಿ ರೈಲುಗಳ ಹವ್ಯಾಸ ಹಿಡಿದಾಗ, ಸುರಂಗದ ಹೊಗೆಯ ಕಾರಣಕ್ಕಾಗಿಯೇ ರೂಪ ಬದಲಿಸಿಕೊಂಡ ಒಂದು ಎಂಜಿನ್ ಇಲ್ಲಿ ಇತ್ತೆಂದು ತಿಳಿಯಿತು. ನಾನು ಮೊದಲು ಬಣ್ಣ ಬಳಿಯಲು ಆರಿಸಿಕೊಂಡದ್ದು ಅದನ್ನೇ.

ಸದರ್ನ್ ಪೆಸಿಫಿಕ್ ಕಂಪನಿಯ ಗೂಡ್ಸ್ ಗಾಡಿಗಳು ಸಿಯೆರಾ ನೆವಾಡಾದ ಡಾನರ್ ಘಟ್ಟವನ್ನು ಏರುವಾಗ ಉದ್ದದ ಸುರಂಗಗಳನ್ನೂ ಹಿಮ ತಡೆಯುವ ಮುಚ್ಚಿಗೆಗಳನ್ನೂ ಹಾದುಹೋಗಬೇಕಿತ್ತು. ಮುಂದಿನ ಎಂಜಿನ್ ಬಿಟ್ಟ ಬಿಸಿ ಹೊಗೆ ಸುರಂಗದ ಚಾವಣಿಯಲ್ಲಿ ನಿಲ್ಲುತ್ತಿತ್ತು. ಹಿಂದಿನ ಎಂಜಿನ್‌ಗಳ ರೇಡಿಯೇಟರುಗಳು ಮೇಲ್ಭಾಗದಿಂದಲೇ ಗಾಳಿ ಎಳೆದುಕೊಳ್ಳುತ್ತಿದ್ದುದರಿಂದ ಅವು ಕಾದು ನಿಂತುಬಿಡುತ್ತಿದ್ದವು. 1972ರಲ್ಲಿ ಬಂದ ಎಸ್‌ಡಿ45ಟಿ-2 ಎಂಬ ಎಂಜಿನ್‌ನಲ್ಲಿ ಗಾಳಿ ಎಳೆಯುವ ಬಾಯಿಯನ್ನು ಎಂಜಿನ್‌ನ ಬದಿಯಲ್ಲಿ ಸಿಬ್ಬಂದಿ ನಡೆದಾಡುವ ಕಾಲುದಾರಿಯ ಮಟ್ಟಕ್ಕೆ ಇಳಿಸಲಾಯಿತು. 20 ಸಿಲಿಂಡರುಗಳ, 3600 ಅಶ್ವಶಕ್ತಿಯ ಈ ಎಂಜಿನ್‌ಗೆ ‘ಟನಲ್ ಮೋಟರ್’ ಎಂಬ ಅಡ್ಡಹೆಸರು ಹೀಗೆ ಬಂತು. ಬಣ್ಣ ಬಳಿಯುವವನಿಗೆ ಈ ಇತಿಹಾಸ ಏಕೆ ಬೇಕೆಂದರೆ, ಗಾಳಿ ಎಲ್ಲಿಂದ ಒಳಗೆ ಹೋಗಿ ಎಲ್ಲಿಂದ ಹೊರಬರುತ್ತದೆ ಎಂಬುದು ಗೊತ್ತಿಲ್ಲದೆ ಮಸಿಯನ್ನು ಎಲ್ಲಿ ಹಚ್ಚಬೇಕೆಂಬುದು ಗೊತ್ತಾಗುವುದಿಲ್ಲ.

ನಾನು ಕೆಲಸ ಮಾಡುವುದು ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದದ್ದರ 87ನೆಯ ಒಂದು ಪಾಲಿನಲ್ಲಿ. ಕಂಪನಿಯೇ 1996ರಲ್ಲಿ ಯೂನಿಯನ್ ಪೆಸಿಫಿಕ್‌ನಲ್ಲಿ ವಿಲೀನವಾದ್ದರಿಂದ ನನಗೆ ಆಧಾರವಾಗಿದ್ದವು ಹಳೆಯ ಛಾಯಾಚಿತ್ರಗಳು. ಈ ಬಗೆಯ ಎಲ್ಲ ಎಂಜಿನ್‌ಗಳ ಚಿತ್ರಗಳನ್ನು ಒಟ್ಟುಹಾಕಿಕೊಂಡು ಕೆಲಸ ಮಾಡಿದರೆ ಎಲ್ಲಿಯೂ ಇರದ ಎಂಜಿನ್ ಒಂದು ಹುಟ್ಟುತ್ತದೆ. ಆದ್ದರಿಂದ ಒಂದೇ ನಂಬರಿನ ಎಂಜಿನ್‌ನ, ಸಾಧ್ಯವಾದಷ್ಟು ಹತ್ತಿರದ ವರ್ಷಗಳ ಚಿತ್ರಗಳನ್ನು ಮಾತ್ರ ಎದುರಿಗಿಟ್ಟುಕೊಂಡೆ. ಕೈಹಿಡಿಗಳ ದಪ್ಪ, ಗಾಳಿಯ ಹೋಸುಗಳು ಜೋತುಬೀಳುವ ರೀತಿ ಇಂಥವನ್ನು ತಿಳಿಯಲು ಮನೆಯ ಹತ್ತಿರದ ನೈಲ್ಸ್ ಕ್ಯಾನ್ಯನ್ ರೈಲ್ವೆಗೆ ಹೋಗಿ, ಅಲ್ಲಿ ಉಳಿಸಿಕೊಂಡಿರುವ ಹಳೆಯ ಎಂಜಿನ್‌ಗಳನ್ನು ಎಷ್ಟೋ ಹೊತ್ತು ನಿಂತು ನೋಡಿದ್ದೇನೆ.

ಮಾದರಿಗೆ ಕಾರ್ಖಾನೆಯಲ್ಲೇ ಬಳಿದಿದ್ದ ಬಣ್ಣವನ್ನು ತೆಗೆಯಲು 91 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಪ್ಲಾಸ್ಟಿಕ್ ಕವಚವನ್ನು ಕೆಲವು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಪಾತ್ರೆ ಸೋಪಿನಲ್ಲಿ ತೊಳೆದೆ. ಮೊದಲು ಒಳಭಾಗದ ಮೂಲೆಯೊಂದಕ್ಕೆ ಹಚ್ಚಿ ನೋಡಿ, ಪ್ಲಾಸ್ಟಿಕ್‌ಗೆ ಏನೂ ಆಗುವುದಿಲ್ಲವೆಂದು ಖಚಿತವಾದ ಮೇಲೆಯೇ ಮುಳುಗಿಸಬೇಕು.

ಬಿಡಿಭಾಗಗಳನ್ನು ಜೋಡಿಸುವ ಕೆಲಸ ನನಗೆ ಬಣ್ಣಕ್ಕಿಂತಲೂ ಪ್ರಿಯವಾದದ್ದು. ನಿಜವಾದ ಎಂಜಿನ್‌ನ ಕೈಹಿಡಿ ಸುಮಾರು ಒಂದು ಅಂಗುಲ ದಪ್ಪವಿದ್ದರೆ ನಮ್ಮ ಅಳತೆಯಲ್ಲಿ ಅದು 0.3 ಮಿಲಿಮೀಟರ್ ಆಗುತ್ತದೆ. ಕವಚದೊಂದಿಗೇ ಅಚ್ಚಾಗಿ ಬಂದಿದ್ದ ದಪ್ಪ ಕೈಹಿಡಿಗಳನ್ನು ಉಳಿಯಂಥ ಚೂಪು ಅಲಗಿನಿಂದ ಕೆತ್ತಿ ತೆಗೆದು, 0.32 ಮಿಲಿಮೀಟರ್ ಹಿತ್ತಾಳೆ ತಂತಿಯನ್ನು ಬಾಗಿಸಿ, 80ನೆಯ ನಂಬರಿನ ಡ್ರಿಲ್ಲನ್ನು ಕೈಯಿಂದಲೇ ತಿರುಗಿಸಿ ಕೊರೆದ ರಂಧ್ರಗಳಲ್ಲಿ ಕೂರಿಸಿದೆ. ಒಂದು ಬದಿಗೆ ಒಂದು ಸಂಜೆ ಹಿಡಿಯಿತು. ಮೂತಿಗೆ ಹಿಮ ತಳ್ಳುವ ನೇಗಿಲು, ಹೋಸುಗಳು, ಕಿಟಕಿಯ ವೈಪರುಗಳು ಬಂದವು. ಸದರ್ನ್ ಪೆಸಿಫಿಕ್‌ನ ಗುರುತೇ ಆಗಿದ್ದ ತೂಗಾಡುವ ಎಚ್ಚರಿಕೆ ದೀಪಗಳ ಗುಚ್ಛ ಕೊನೆಗೆ ಬಂತು. ಕಾಲುದಾರಿಯ ಉದ್ದದ ಕಟಾಂಜನಗಳು ಮಾತ್ರ ನನ್ನನ್ನು ಸೋಲಿಸಿದವು. ಬಾಗಿದರೂ ಮುರಿಯದ ಜಾರು ಪ್ಲಾಸ್ಟಿಕ್‌ನಲ್ಲಿ ಮಾಡಿದ ಅವುಗಳ ಮೇಲೆ ಬಣ್ಣ ಚೆನ್ನಾಗಿ ಕೂತಂತೆ ಕಂಡು, ವಾರದ ನಂತರ ಎಂಜಿನ್ ಎತ್ತಿದಾಗ ಚಕ್ಕೆಚಕ್ಕೆಯಾಗಿ ಉದುರಿತು. ಎರಡನೆಯ ಸಲ ಕಾರಿನ ಪ್ಲಾಸ್ಟಿಕ್ ಬಂಪರುಗಳಿಗೆ ಬಳಸುವ ಅಂಟುಪದರವನ್ನು ತೆಳುವಾಗಿ ಸಿಂಪಡಿಸಿ ಅದರ ಮೇಲೆ ಬಣ್ಣ ಕೊಟ್ಟೆ. ಅದು ಇಂದಿಗೂ ನಿಂತಿದೆ.

1958ರಿಂದ ಕಂಪನಿಯ ಡೀಸೆಲ್ ಎಂಜಿನ್‌ಗಳ ಮೈಗೆ ಗಾಢ ಬೂದು, ಮೂತಿಗೆ ಮತ್ತು ಹಿಂಬದಿಗೆ ಕಡುಗೆಂಪು ಬಂದಿತ್ತು. ಬೂದಿನ ಮೇಲೆ ಕೆಂಪು ಬಳಿದರೆ ಎಷ್ಟು ಪದರ ಹಾಕಿದರೂ ಮಂಕಾಗಿಯೇ ಉಳಿಯುತ್ತದೆ. ಆದ್ದರಿಂದ ತಿಳಿ ಬೂದು ಪ್ರೈಮರ್ ಮೇಲೆ ಮೊದಲು ಕೆಂಪು ಕೊಟ್ಟು, ಅದನ್ನು ಟೇಪಿನಿಂದ ಮುಚ್ಚಿ, ಆಮೇಲೆ ಬೂದು ಕೊಡಬೇಕು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.3 ಮಿಲಿಮೀಟರ್ ಮೂತಿಯ ಏರ್‌ಬ್ರಷ್ಷನ್ನು 18ರಿಂದ 20 ಪಿಎಸ್‌ಐ ಒತ್ತಡದಲ್ಲಿ ಇಟ್ಟು, ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಒಂದು ಗೇಣಿಗಿಂತ ಕಡಿಮೆ ದೂರದಿಂದ ಹಲವು ತೆಳು ಪದರಗಳಲ್ಲಿ ಸಿಂಪಡಿಸಿದೆ. ಹೊರಕ್ಕೆ ಗಾಳಿ ಎಳೆಯುವ ಪೆಟ್ಟಿಗೆಯೂ ರಾಸಾಯನಿಕ ಆವಿಯನ್ನು ತಡೆಯುವ ಮುಖಗವಸೂ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬಾಗಿಲುಗಳ ಕೀಲುಗಳ ಮೇಲೆ ಟೇಪ್ ಪೂರ್ತಿ ಅಂಟದೆ ಬೂದು ಬಣ್ಣ ಕೆಂಪಿನೊಳಗೆ ನುಸುಳಿ ನನ್ನ ಮೊದಲ ಗೆರೆ ಕೆಟ್ಟಿತು. ಈಗ ಟೇಪಿನ ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ, ಆ ಅಂಚಿನ ಮೇಲೆ ಮತ್ತೊಮ್ಮೆ ಕೆಂಪನ್ನೇ ಸಿಂಪಡಿಸುತ್ತೇನೆ. ನುಸುಳುವುದಿದ್ದರೆ ಕೆಂಪೇ ನುಸುಳಿ ಸಂದನ್ನು ಮುಚ್ಚಿಬಿಡುತ್ತದೆ.

ಇನ್ನೊಂದು ಮಾತು ಬೂದಿನ ಬಗ್ಗೆ. ನಿಜವಾದ ಎಂಜಿನ್‌ನ ಬಣ್ಣವನ್ನೇ ಪುಟ್ಟ ಮಾದರಿಯ ಮೇಲೆ ಹಾಕಿದರೆ ಕಪ್ಪಾಗಿ ಕಾಣುತ್ತದೆ, ಏಕೆಂದರೆ ನಾವು ದೊಡ್ಡ ಎಂಜಿನ್ ನೋಡುವುದು ಬಿಸಿಲಿನಲ್ಲಿ, ದೂರದಿಂದ. ಮಾದರಿಯನ್ನು ನೋಡುವುದು ಕೋಣೆಯ ದೀಪದಲ್ಲಿ, ಹತ್ತಿರದಿಂದ. ಹತ್ತು ಪಾಲು ಬೂದು ಬಣ್ಣಕ್ಕೆ ಒಂದು ಪಾಲಿನಷ್ಟು ಬಿಳಿ ಬೆರೆಸಿ, ರೈಲು ಓಡುವ ದೀಪದ ಕೆಳಗೇ ಅದನ್ನು ಪರೀಕ್ಷಿಸಿ ನಂತರ ಬಳಸಿದೆ.

ಅಕ್ಷರಗಳಿಗಾಗಿ ನೀರಿನ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚುಚಿತ್ರ, ಬಳಸುವ ಮುನ್ನ ಮೈಗೆ ಹೊಳಪಿನ ವಾರ್ನಿಷ್ ಕೊಡಬೇಕು. ಒರಟು ಮೈಯ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಕ್ಷರಗಳ ಸುತ್ತ ಬೆಳ್ಳಿಯಂಥ ಮಿಂಚು ಕಾಣುತ್ತದೆ. ಬಾಗಿಲ ಸಂದುಗಳ ಮೇಲೆ ಬಂದ ಅಕ್ಷರಗಳಿಗೆ ಮೃದುಗೊಳಿಸುವ ದ್ರವ ಹಚ್ಚಿ, ಸೂಜಿಯಿಂದ ಚುಚ್ಚಿ, ಅವು ಬಣ್ಣದಂತೆಯೇ ಮೈಗೆ ಹತ್ತುವವರೆಗೆ ಬಿಟ್ಟು, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹೊದಿಸಿದೆ.

ಎಂಜಿನ್ ದುಡಿದು ಹಳತಾದಂತೆ ಕಾಣಿಸುವ ಕೊಳೆಯ ಕೆಲಸ ಆ ಮೇಲೆ ಆರಂಭವಾಯಿತು. ಹೊಗೆ ಹೊರಬರುವ ಬಾಯಿಯ ಸುತ್ತ ಮತ್ತು ಅದರ ಹಿಂದಕ್ಕೆ ಚಾವಣಿಯ ಮೇಲೆ ಕಪ್ಪು ದಟ್ಟವಾಗಿರಬೇಕು. ಕೆಳಗೆ ಗಾಳಿ ಎಳೆಯುವ ಜಾಲರಿಯ ಮೇಲೆ ಮಸಿಗಿಂತ ಹಳಿಯ ಧೂಳು ಹೆಚ್ಚು. ಇಂಧನ ತುಂಬುವ ಬಾಯಿಯಿಂದ ಎಣ್ಣೆ ಕೆಳಕ್ಕೆ ಹರಿದಿರುತ್ತದೆ. ಮಳೆನೀರು ಮಸಿಯನ್ನು ತೊಳೆದುಕೊಂಡು ಬಾಗಿಲುಗಳ ಮೇಲೆ ಸಣ್ಣ ಗೆರೆಗಳಾಗಿ ಇಳಿದಿರುತ್ತದೆ. ಚಾಕ್ ಕಡ್ಡಿಗಳನ್ನು ಮರಳು ಕಾಗದದ ಮೇಲೆ ಉಜ್ಜಿ ಮಾಡಿದ ಪುಡಿಯನ್ನು ಒಣ ಬ್ರಷ್ಷಿನಿಂದ ಯಾವಾಗಲೂ ಮೇಲಿನಿಂದ ಕೆಳಕ್ಕೇ ಎಳೆದೆ. ಮೇಲೆ ವಾರ್ನಿಷ್ ಬಿದ್ದೊಡನೆ ಪುಡಿ ಅರ್ಧಕ್ಕರ್ಧ ಮಾಯವಾಗುವುದರಿಂದ ಬೇಕೆನಿಸಿದ್ದಕ್ಕಿಂತ ತುಸು ಹೆಚ್ಚೇ ಹಚ್ಚಬೇಕಾಗುತ್ತದೆ.

ಎಂಜಿನ್ ಹಿಂದೆ ಒಂದು ವ್ಯಾಗನ್ ಬೇಕಿತ್ತು. ಸಕ್ಕರೆ ಬೀಟ್ ಗೆಡ್ಡೆಗಳನ್ನು ಟ್ರೇಸಿ, ವುಡ್‌ಲ್ಯಾಂಡ್‌ಗಳಂಥ ಊರುಗಳ ಕಾರ್ಖಾನೆಗಳಿಗೆ ಒಯ್ಯುತ್ತಿದ್ದ, ಮೇಲೆ ಮರದ ಹಲಗೆಗಳನ್ನು ಏರಿಸಿದ ತೆರೆದ ವ್ಯಾಗನ್‌ಗಳು ಈ ರಾಜ್ಯದಲ್ಲಿ 1990ರ ದಶಕದ ಆರಂಭದವರೆಗೂ ಓಡುತ್ತಿದ್ದವು. ಪ್ಲಾಸ್ಟಿಕ್ ಹಲಗೆಗಳ ಮೇಲೆ ಗರಗಸದ ಹಲ್ಲನ್ನು ಉದ್ದಕ್ಕೆ ಎಳೆದು ಮರದ ಎಳೆ ಮೂಡಿಸಿ, ಪ್ರತಿ ಹಲಗೆಗೂ ಕಂದಿನ ಬೇರೆ ಬೇರೆ ಛಾಯೆ ಕೊಟ್ಟು, ಹೊಳಪಿಲ್ಲದ ವಾರ್ನಿಷ್ ಮೇಲೆ ಆಲ್ಕೊಹಾಲ್‌ನಲ್ಲಿ ಕರಗಿಸಿದ ಶಾಯಿ ಹರಿಸಿದೆ. ಇಡೀ ವ್ಯಾಗನ್ ಕ್ಷಣದಲ್ಲಿ ಬೂಷ್ಟು ಹಿಡಿದಂತೆ ಬೆಳ್ಳಗಾಯಿತು. ಆ ವಾರ್ನಿಷ್ ಮತ್ತು ಆಲ್ಕೊಹಾಲ್ ಸೇರಿದರೆ ಹಾಗಾಗುತ್ತದೆಂದು ನಂತರ ತಿಳಿಯಿತು. ಅದೇ ವಾರ್ನಿಷ್ಷನ್ನು ಮತ್ತೆ ಸಿಂಪಡಿಸಿದಾಗ ಬಿಳುಪು ಹೋಯಿತು. ಅಂಚಿನ ಎರಡು ಹಲಗೆಗಳಲ್ಲಿ ಉಳಿದ ತುಸು ಬಿಳುಪು ಬಿಸಿಲಿಗೆ ಒಣಗಿದ ಮರದಂತೆಯೇ ಕಂಡದ್ದರಿಂದ ಅದನ್ನು ಹಾಗೆಯೇ ಬಿಟ್ಟೆ.

ತುಂಬಿದ ಸರಕಿಗೆ ಉತ್ತರ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಸಿಕ್ಕಿತು. ಒಂದೂವರೆ ಮಿಲಿಮೀಟರಿನ ಸಾಸಿವೆ ಕಾಳು ನಮ್ಮ ಅಳತೆಯಲ್ಲಿ ಸುಮಾರು 13 ಸೆಂಟಿಮೀಟರಿನ ಗೆಡ್ಡೆಯಾಗುತ್ತದೆ. ಕೊತ್ತಂಬರಿ ಬೀಜ ತೀರಾ ದೊಡ್ಡದು, ಗಸಗಸೆ ತೀರಾ ಸಣ್ಣದು. ಸ್ಪಂಜಿನ ದಿಬ್ಬದ ಮೇಲೆ ಸಾಸಿವೆಯನ್ನು ತೆಳು ಮಾಡಿದ ಬಿಳಿ ಅಂಟಿನಿಂದ ಕೂರಿಸಿ, ಪೂರ್ತಿ ಒಣಗಿದ ಮೇಲೆ ಮಣ್ಣು ಬೆರೆತ ಬೂದುಬಿಳುಪನ್ನು ಸಿಂಪಡಿಸಿ, ಹುಳು ಬೀಳದಂತೆ ವಾರ್ನಿಷ್ ಹೊದಿಸಿದೆ. ನಂತರ ಚಕ್ರಗಳ ಹೊರಮುಖಕ್ಕೆ ತುಕ್ಕಿನ ಕಂದು ಹಚ್ಚಿ, ಹಳಿಗೆ ತಾಗುವ ಅಂಚನ್ನು ಮಾತ್ರ ಒರೆಸಿ ಶುಚಿಯಾಗಿಟ್ಟು, ಎಂಜಿನ್ ಮತ್ತು ವ್ಯಾಗನ್‌ಗಳ ಕೊಂಡಿಗಳ ಎತ್ತರ ಸರಿಹೊಂದಿಸಿ ಎರಡನ್ನೂ ಹಳಿಯ ಮೇಲಿಟ್ಟೆ. ಈಗ ಎರಡನೆಯ ವ್ಯಾಗನ್‌ನ ಹಲಗೆಗಳು ಮೇಜಿನ ಮೇಲೆ ಒಣಗುತ್ತಿವೆ. ಈ ಸಲ ಶಾಯಿಯನ್ನು ವಾರ್ನಿಷ್‌ಗಿಂತ ಮೊದಲೇ ಹರಿಸಿದ್ದೇನೆ.