ಕನ್ನಡದ ಪಾಸ್‌ಫ್ರೇಸ್ ಒಪ್ಪುವ ಲಾಗಿನ್ ಬರೆಯುವುದು ಹೇಗೆ?

ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಮಕ್ಕಳು ತಮ್ಮ ಪ್ರಾಜೆಕ್ಟ್ ತೋರಿಸಲು ನನ್ನ ಹತ್ತಿರ ಬರುತ್ತಿರುತ್ತಾರೆ. ಡೇರಿ ಲೆಕ್ಕ, ಕಾಫಿ ತೋಟದ ಬಟವಾಡೆ, ಆಲೂಗಡ್ಡೆ ಬಿತ್ತನೆ ಬೀಜದ ದಾಸ್ತಾನು, ವಿಷಯ ಏನೇ ಇರಲಿ, ನಾನು ಮೊದಲು ತೆಗೆದು ನೋಡುವುದು ಲಾಗಿನ್ ಭಾಗವನ್ನು. ಜಾಸ್ತಿ ಮಂದಿ ಎಡವುವುದು ಅಲ್ಲೇ.

ಪಾಸ್‌ಫ್ರೇಸನ್ನು, ಅಂದರೆ ಹಲವು ಪದಗಳ ಉದ್ದನೆಯ ಪಾಸ್‌ವರ್ಡನ್ನು, ಹಾಗೇ ಇಡಬಾರದು, ಹ್ಯಾಶ್ ಮಾಡಿ ಇಡಬೇಕು. ಇದು ರಾಗಿ ಬೀಸಿದ ಹಾಗೆ. ಹಿಟ್ಟಿನಿಂದ ಮತ್ತೆ ರಾಗಿ ಬರುವುದಿಲ್ಲ. ಲಾಗಿನ್ ಮಾಡುವಾಗ ಕೊಟ್ಟದ್ದನ್ನು ಮತ್ತೆ ಬೀಸಿ, ಎರಡು ಹಿಟ್ಟೂ ಒಂದೇನಾ ಅಂತ ನೋಡುತ್ತೇವೆ. ‘ಪಾಸ್‌ವರ್ಡ್ ಮರೆತಿರಾ?’ ಅಂತ ಒತ್ತಿದಾಗ ನಿಮ್ಮ ಹಳೇ ಪಾಸ್‌ವರ್ಡನ್ನೇ ಮೇಲ್ ಮಾಡುವ ಸಾಫ್ಟ್‌ವೇರ್ ಸಿಕ್ಕರೆ ಅದನ್ನು ಕೊಳ್ಳಬೇಡಿ. ಅದು ಬೀಸಿಯೇ ಇಲ್ಲ.

ಮೊದಲ ಹೆಜ್ಜೆ, ವಿಧಾನ ಆರಿಸುವುದು. ಆರ್ಗಾನ್2ಐಡಿ ತೆಗೆದುಕೊಳ್ಳಿ. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗಾನ್2ರ ಒಂದು ಬಗೆ ಅದು. ಎಂಡಿ5, ಎಸ್‌ಎಚ್‌ಎ1 ಬೇಡವೇ ಬೇಡ. ಅವು ವೇಗಕ್ಕೆಂದು ಮಾಡಿದ ಹ್ಯಾಶ್ ವಿಧಾನಗಳು, ಹ್ಯಾಶ್ ಕದ್ದು ಪಾಸ್‌ವರ್ಡ್ ಊಹಿಸುವವನಿಗೂ ಅದೇ ವೇಗ ಸಿಗುತ್ತದೆ. ಬೀಸುವ ಮೊದಲು ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಬೆರೆಸುವ ಗೊತ್ತುಗುರಿಯಿಲ್ಲದ ತುಣುಕೇ ಸಾಲ್ಟ್. ಅದನ್ನು ಲೈಬ್ರರಿಯೇ ಹಾಕುತ್ತದೆ, ನೀವು ಕೈ ಹಾಕಬೇಡಿ. ಸಾಲ್ಟ್ ಇಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರ ಹ್ಯಾಶ್ ಒಂದೇ ಆಗಿಬಿಡುತ್ತದೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ್ದು ಸಾಲ್ಟ್ ಇಲ್ಲದ ಎಸ್‌ಎಚ್‌ಎ1 ಹ್ಯಾಶ್‌ಗಳೇ.

ಎರಡನೇ ಹೆಜ್ಜೆಯೇ ಕಷ್ಟದ್ದು. ಬೀಸುವ ಮೊದಲು ಅಕ್ಷರಗಳನ್ನು ಒಂದೇ ರೂಪಕ್ಕೆ ತರಬೇಕು. ಇದನ್ನು ಯಾವ ಪಾಠದಲ್ಲೂ ಸರಿಯಾಗಿ ಹೇಳಿದ್ದನ್ನು ನಾನು ನೋಡಿಲ್ಲ.

ಹ್ಯಾಶ್ ನೋಡುವುದು ಅಕ್ಷರವನ್ನಲ್ಲ, ಕಂಪ್ಯೂಟರ್ ಅದನ್ನು ಒಳಗೆ ಇಟ್ಟುಕೊಳ್ಳುವ ಸಂಖ್ಯೆಗಳಾದ ಬೈಟ್‌ಗಳನ್ನು. ‘ಕೊ’ ಅನ್ನುವುದನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ‘ಕ’ ಆದ ಮೇಲೆ ಒಕಾರದ ಒಂದೇ ಚಿಹ್ನೆ ಬರಬಹುದು. ಇಲ್ಲವೇ ಎಕಾರದ ಚಿಹ್ನೆ, ಅದರ ಹಿಂದೆಯೇ ಊಕಾರದ ಚಿಹ್ನೆ ಬರಬಹುದು. ಪರದೆ ಮೇಲೆ ಎರಡೂ ‘ಕೊ’ ಅಂತಲೇ ಕಾಣುತ್ತವೆ. ಆದರೆ ಬೈಟ್ ಬೇರೆ, ಹಾಗಾಗಿ ಹ್ಯಾಶೂ ಬೇರೆ. ಕೀ, ಕೇ, ಕೈ, ಕೋ ಇವಕ್ಕೂ ಇದೇ ಕಥೆ. ಮದ್ದು ಸುಲಭ: ಹ್ಯಾಶ್ ಮಾಡುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದಾಗಿ ಬರೆಯುವ ಯೂನಿಕೋಡ್ ರೂಪಕ್ಕೆ, ತನ್ನಿ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಅದಕ್ಕೆ ಫಂಕ್ಷನ್ ಇದೆ.

ಅಷ್ಟಕ್ಕೇ ಮುಗಿಯಲಿಲ್ಲ. ‘ರಾಜ್‌ಕುಮಾರ್’ ಅಂತ ಬರೆಯುವಾಗ ‘ಜ್’ ಕೆಳಗೆ ಒತ್ತು ಬರದಿರಲಿ ಅಂತ ಒಂದು ಕಾಣದ ಅಕ್ಷರ ಹಾಕುತ್ತೇವೆ, ಅಲ್ವಾ? ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಒಂದು ಕೀಬೋರ್ಡ್ ಅದನ್ನು ಕಳಿಸುತ್ತದೆ, ಇನ್ನೊಂದು ಕಳಿಸುವುದಿಲ್ಲ. ನಾನು ಅದನ್ನು ಅಳಿಸಿಯೇ ಹ್ಯಾಶ್ ಮಾಡುತ್ತೇನೆ. ನೀವೂ ಹಾಗೇ ಮಾಡಿ.

ಇನ್ನು ಕೊನೆಯ ಖಾಲಿ ಜಾಗ. ಆಲೂರು ಕಡೆಯ ಒಂದು ಸಂಘದ ಗುಮಾಸ್ತರೊಬ್ಬರಿಗೆ ಆಫೀಸಿನ ಕಂಪ್ಯೂಟರಿನಿಂದ ಲಾಗಿನ್ ಆಗುತ್ತಿತ್ತು, ಫೋನಿನಿಂದ ಆಗುತ್ತಿರಲಿಲ್ಲ. ಮೂರು ಸಲ ತಪ್ಪಿದರೆ ಖಾತೆಗೆ ಬೀಗ. ‘ನಂಗೇ ಮರ್ತೋಗ್ತಿರ್ಬೇಕು ಸಾರ್’ ಅಂತ ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನೋಡಿದರೆ, ಫೋನಿನ ಕೀಬೋರ್ಡ್ ತಾನೇ ತೋರಿಸಿದ ಪದ ಒತ್ತಿದಾಗ ಕೊನೆಗೊಂದು ಸ್ಪೇಸ್ ಸೇರಿಸುತ್ತಿತ್ತು. ನೋಂದಣಿಯ ಕೋಡ್ ಅದನ್ನು ಕತ್ತರಿಸುತ್ತಿತ್ತು, ಲಾಗಿನ್ ಕೋಡ್ ಕತ್ತರಿಸುತ್ತಿರಲಿಲ್ಲ. ಅವರ ನೆನಪಿನಲ್ಲಿ ಏನೂ ತಪ್ಪಿರಲಿಲ್ಲ. ಅದಕ್ಕೇ ಹೇಳುವುದು, ಈ ಶುಚಿ ಕೆಲಸವೆಲ್ಲ ಒಂದೇ ಫಂಕ್ಷನ್‌ನಲ್ಲಿರಲಿ. ನೋಂದಣಿಯೂ ಲಾಗಿನ್ನೂ ಅದನ್ನೇ ಕರೆಯಲಿ.

ಮೂರನೇ ಹೆಜ್ಜೆ, ಉದ್ದ. ಬಿಕ್ರಿಪ್ಟ್ ಅನ್ನುವ ಇನ್ನೊಂದು ಹ್ಯಾಶ್ ವಿಧಾನ 1999ರಿಂದ ಇದೆ, ಒಳ್ಳೆಯದೇ. ಆದರೆ ಅದು ಬಳಸುವುದು 72 ಬೈಟ್ ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಅಕ್ಷರಕ್ಕೂ ಚಿಹ್ನೆಗೂ ತಲಾ 3 ಬೈಟ್. ‘ಕ್ಷ’ ಒಂದಕ್ಕೇ 9. ‘ಸಕಲೇಶಪುರದ ಮಳೆಗೆ ಕೊಡೆ ಸಾಲದು ಗೊರಬು ಬೇಕು’ ಎಂಬ ಪಾಸ್‌ಫ್ರೇಸ್ ಇಟ್ಟಿದ್ದೀರಿ ಅನ್ನಿ (ಗೊರಬು ಅಂದರೆ ಮಲೆನಾಡಿನವರು ಮಳೆಗೆ ಹಾಕಿಕೊಳ್ಳುವ ಹೊದಿಕೆ). ‘ಸಾಲದು’ ಅನ್ನುವಷ್ಟರಲ್ಲಿ ಸರಿಯಾಗಿ 72 ಬೈಟ್ ಮುಗಿಯುತ್ತದೆ. ಎಷ್ಟೋ ಲೈಬ್ರರಿಗಳು ಮುಂದಿನದನ್ನು ಸುಮ್ನೆ ಬಿಟ್ಟುಬಿಡುತ್ತವೆ. ‘ಕಂಬಳಿ ಬೇಕು’ ಅಂತ ಹೊಡೆದರೂ ಬಾಗಿಲು ತೆರೆಯುತ್ತದೆ! ಮೊದಲು ಎಸ್‌ಎಚ್‌ಎ256 ಮಾಡಿ ಆಮೇಲೆ ಬಿಕ್ರಿಪ್ಟ್‌ಗೆ ಕೊಡುವ ಅಡ್ಡದಾರಿ ಕೆಲವರು ಹೇಳುತ್ತಾರೆ. ಹಾಗೆ ಬಂದ ಬೈಟ್‌ಗಳ ನಡುವೆ ಸೊನ್ನೆ ಬೈಟ್ ಇದ್ದರೆ ಕೆಲವು ಲೈಬ್ರರಿಗಳು ಅಲ್ಲಿಗೇ ನಿಲ್ಲಿಸುತ್ತವೆ. ಆ ತಾಪತ್ರಯ ಯಾಕೆ? ಆರ್ಗಾನ್2ಐಡಿಗೆ ಈ ಮಿತಿಯೇ ಇಲ್ಲ.

ಉಳಿದದ್ದು ಸುಲಭ. ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್ ಆರ್ಗಾನ್2ಐಡಿಗೆ ಹೇಳುವ 19 ಮೆಬಿಬೈಟ್ ಮೆಮೊರಿ, 2 ಸುತ್ತು, 1 ಥ್ರೆಡ್‌ನಿಂದ ಶುರು ಮಾಡಿ, ನಿಮ್ಮ ಸರ್ವರ್ ತಡೆಯುವಷ್ಟು ಏರಿಸಿ. ಡೇಟಾಬೇಸ್ ಕಾಲಂ 255 ಅಕ್ಷರ ಇರಲಿ. ಬಿಕ್ರಿಪ್ಟ್ ಹ್ಯಾಶ್‌ಗೇ 60 ಬೇಕು, ಆರ್ಗಾನ್2ಗೆ ಇನ್ನೂ ಜಾಸ್ತಿ. ಕಾಲಂಗೆ 50 ಕೊಟ್ಟು, ಬಾಲ ಕತ್ತರಿಸಿ ಹೋಗಿ, ಯಾರೊಬ್ಬರೂ ಲಾಗಿನ್ ಆಗದ ಪ್ರಾಜೆಕ್ಟ್‌ಗಳನ್ನು ನೋಡಿದ್ದೇನೆ.

ಪರಿಶೀಲನೆಗೆ ಲೈಬ್ರರಿಯ ವೆರಿಫೈ ಫಂಕ್ಷನ್ನೇ ಬಳಸಿ. ಮತ್ತೆ ಹ್ಯಾಶ್ ಮಾಡಿ ಸಮ ಚಿಹ್ನೆ ಹಾಕಿ ಹೋಲಿಸಿದರೆ ಆಗದು, ಹಾಗೆ ಮಾಡಿದಾಗ ಪ್ರತಿ ಸಲ ಸಾಲ್ಟ್ ಹೊಸದು. ವೆರಿಫೈ ಆದರೆ ಹಳೇ ಸಾಲ್ಟನ್ನೇ ಹಾಕಿ ಬೀಸಿ ನೋಡುತ್ತದೆ. ಬಳಕೆದಾರರ ಹೆಸರೇ ಇಲ್ಲದಿದ್ದರೂ ಒಂದು ಸುಳ್ಳು ಹ್ಯಾಶ್ ಜೊತೆ ವೆರಿಫೈ ಓಡಿಸಿ. ಇಲ್ಲದಿದ್ದರೆ ಉತ್ತರ ಬೇಗ ಬಂದದ್ದು ನೋಡಿಯೇ ಖಾತೆ ಇಲ್ಲ ಅಂತ ಗೊತ್ತಾಗುತ್ತದೆ. ಲಾಗಿನ್ ಸರಿಯಾದಾಗ ಹಳೇ ಸೆಟ್ಟಿಂಗಿನ ಹ್ಯಾಶ್ ಕಂಡರೆ ಅಲ್ಲೇ ಹೊಸದಾಗಿ ಮಾಡಿ ಇಡಿ.

ಕೊಡುವ ಮುಂಚೆ ಎರಡು ಪರೀಕ್ಷೆ. ಕಂಪ್ಯೂಟರಿನಲ್ಲಿ ‘ಗೊರಬು ಬೇಕು’ ಅಂತ ಮುಗಿಯುವ ಪಾಸ್‌ಫ್ರೇಸ್ ಇಡಿ, ಫೋನಿನಿಂದ ಅದನ್ನೇ ಹೊಡೆಯಿರಿ. ಒಳಗೆ ಬಿಡಬೇಕು. ಆಮೇಲೆ ‘ಕಂಬಳಿ ಬೇಕು’ ಅಂತ ಹೊಡೆಯಿರಿ. ಬಿಡಬಾರದು.