ಮದುವೆ ಕಾರ್ಡ್ ಪ್ರೆಸ್ಸಿನಲ್ಲಿ ಆಲ್ಬಂ ಕವರ್

ಒಂದು ಬ್ಯಾಂಡಿನ ಆಲ್ಬಂ ಕವರ್ ಮಾಡಿಕೊಡುತ್ತಿದ್ದೆ. ಅದನ್ನು ಮದುವೆ ಕಾರ್ಡ್ ಪ್ರೆಸ್ಸಿನಲ್ಲಿ ಒತ್ತಿಸೋಣ ಎಂದು ಹೋದ ವರ್ಷ ಹೇಳಿದಾಗ ಅವರ ನಾಲ್ಕು ಜನರಲ್ಲಿ ಮೂವರು ಬೇಡ ಅಂದರು. ಹಾಡು ಬರುವುದು ಬರೀ ಫೋನಿನಲ್ಲಿ. ಸಿಡಿ ಇಲ್ಲ, ಕ್ಯಾಸೆಟ್ ಇಲ್ಲ. ಹಾಗಿದ್ದ ಮೇಲೆ ಕವರನ್ನು ಕಾರ್ಡ್ ಪ್ರೆಸ್ಸುಗಳಿರುವ ಸುಲ್ತಾನ್‌ಪೇಟೆಗೆ ಹೊತ್ತುಕೊಂಡು ಹೋಗಿ ಸ್ಕ್ರೀನ್ ಪ್ರಿಂಟ್ (ಬಲೆಯಂಥ ಬಟ್ಟೆಯ ಮೂಲಕ ಮಸಿ ಒತ್ತುವುದು) ಮಾಡಿಸುವುದು ಯಾಕೆ? "ಟೆಕ್ಸ್ಚರ್ ಬೇಕು ಅಂದ್ರೆ ಫೋಟೋಶಾಪಲ್ಲೇ ಹಾಕ್ಬಹುದಲ್ವಾ?" ಅಂತ ಡಿಸೈನರ್ ಗೆಳೆಯರೂ ಕೇಳಿದರು. ಈಗ ಕವರ್ ಹೊರಗೆ ಬಂದಿದೆ, ಕವರನ್ನೇ ಒತ್ತಿಸಿ ಮಾರಿದ ಕಾರ್ಡುಗಳು ಹೆಚ್ಚುಕಡಿಮೆ ಖಾಲಿಯಾಗಿವೆ. ಹೇಗೆ ಮಾಡಿದೆ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಐದು ಹಾಡು. ಎಲ್ಲವೂ ಬೆಂಗಳೂರಿನಲ್ಲಿ ಈಗ ಇಲ್ಲದ ಕೆರೆಗಳ ಮೇಲೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಆಡುತ್ತಾರೆ. ಡೆಮೋ ಕೇಳಿದ ದಿನವೇ ನನಗೆ ಗೊತ್ತಾಯಿತು, ಇಲ್ಲಿ ನೀರು ತೋರಿಸಿದರೆ ಹಾಡು ಸತ್ತಿತು.

ಆದರೂ ಮೊದಲು ಮಾಡಿದ್ದು ನೀರೇ. ಇನ್ನೂ ಉಳಿದಿರುವ ಒಂದು ಕೆರೆಯ ಬೆಳಗಿನ ಫೋಟೋ, ಮೇಲೆ ಬಿಳಿ ಅಕ್ಷರ. ಪರಿಸರ ದಿನಾಚರಣೆಯ ಪೋಸ್ಟರ್ ಹಾಗೆ ಕಂಡಿತು. ಬೇಸ್ ನುಡಿಸುವ ಹುಡುಗ ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯ ಚಿತ್ರ ಹಾಕೋಣ ಅಂದ. ಚಿತ್ರ ಜೋರಾಗಿರುತ್ತದೆ ನಿಜ. ಆದರೆ ಅದು ಇರುವ ಕೆರೆ, ಕಾಯಿಲೆ ಬಿದ್ದ ಕೆರೆ. ಈ ಹಾಡುಗಳು ಇಲ್ಲವೇ ಆಗಿಹೋದ ಕೆರೆಗಳದ್ದು. ಆ ಎರಡು ದುಃಖ ಬೇರೆ ಬೇರೆ.

ಎರಡನೆಯ ಪ್ರಯತ್ನ ನಕ್ಷೆಯ ಗೆರೆಗಳು. ಕಪ್ಪಿನ ಮೇಲೆ ಬಿಳಿ ಗೆರೆ, ಏರು ತಗ್ಗು. ನನಗೆ ಬಹಳ ಇಷ್ಟವಾಗಿತ್ತು. ನೋಡಿದ ಮೊದಲನೆಯವರೇ ಜಾಯ್ ಡಿವಿಷನ್ ಅಂದರು. ಆ ಇಂಗ್ಲಿಷ್ ರಾಕ್ ಬ್ಯಾಂಡಿನ 1979ರ ಆಲ್ಬಂ ಕವರಿನಲ್ಲಿ ಡಿಸೈನರ್ ಪೀಟರ್ ಸ್ಯಾವಿಲ್ ಒಂದು ನಕ್ಷತ್ರದ, ಅಂದರೆ ಪಲ್ಸಾರ್‌ನ ರೇಡಿಯೋ ಅಲೆಗಳ ಗ್ರಾಫನ್ನು ಕಪ್ಪಿನ ಮೇಲೆ ಬಿಳಿಯಾಗಿ ತಿರುಗಿಸಿ ಹಾಕಿದ್ದರು. ಕವರಿನ ಮುಂಬದಿಯಲ್ಲಿ ಬ್ಯಾಂಡಿನ ಹೆಸರೂ ಇರಲಿಲ್ಲ. ಅದು ಈಗ ಎಲ್ಲಾ ಕಾಲೇಜು ಟೀ ಶರ್ಟಿನ ಮೇಲಿದೆ. ಕಪ್ಪಿನ ಮೇಲೆ ಬಿಳಿ ಅಲೆ ಹಾಕಿದರೆ ಏನೇ ಅರ್ಥ ಇಟ್ಟರೂ ಜನ ಅದನ್ನೇ ಓದುತ್ತಾರೆ. ಮೂರು ವಾರದ ಕೆಲಸ ಬದಿಗಿಟ್ಟೆ.

ಆಮೇಲೆ ಹೊಳೆದದ್ದು ಇಷ್ಟೇ. ಕೆರೆಯನ್ನು ಪ್ರಿಂಟ್ ಮಾಡುವುದೇ ಬೇಡ. ಸುತ್ತಲಿನ ಊರಿಗೆ ಮಸಿ ಹಾಕೋಣ, ಕೆರೆ ಇದ್ದ ಜಾಗ ಬರೀ ಕಾಗದ. ಹಳೇ ನಕ್ಷೆಯಿಂದ ಸಂಪಂಗಿ ಕೆರೆಯ ಅಂಚನ್ನು ಬಟರ್ ಪೇಪರ್ ಮೇಲೆ ಇಳಿಸಿಕೊಂಡೆ. ಸಂಪಂಗಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಆ ಕೆರೆಯ ಚೂರೊಂದು, ಪುಟ್ಟ ಕೊಳ, ಕಂಠೀರವದ ಪಕ್ಕ ಇನ್ನೂ ಇದೆ. ಕರಗದ ಪೂಜೆಗೆ ಬೇಕು ಎಂದು ಉಳಿಯಿತು. ಆ ಚೂರು ನನ್ನ ಕವರಿನಲ್ಲಿ ಒಂದು ಬೊಟ್ಟು. ಖಾಲಿ ಕಾಗದದ ಒಳಗೆ ಬಣ್ಣ ಇರುವ ಒಂದೇ ಜಾಗ.

ಕಂಪ್ಯೂಟರ್ ಪರದೆಯಲ್ಲಿ ನೋಡಿದಾಗ ಇದು ಏನೂ ಅನ್ನಿಸುವುದಿಲ್ಲ. ಬಿಳಿ ಪಿಕ್ಸೆಲ್ ಕೂಡ ಒಂದು ಬಣ್ಣವೇ ಅಲ್ವಾ? ಖಾಲಿ ಅನ್ನಿಸಬೇಕಾದರೆ ನಿಜವಾಗಿ ಮಸಿ ಬೀಳದ ಕಾಗದವೇ ಬೇಕು, ಪಕ್ಕದಲ್ಲಿ ಮಸಿ ದಪ್ಪಗೆ ಕೂತಿರಬೇಕು. ಆಗಲೇ ಪ್ರೆಸ್ ಹುಡುಕಿದ್ದು.

ಆಷಾಢದಲ್ಲಿ ಹೋದೆ. ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ. ಮದುವೆ ಇಲ್ಲದ ತಿಂಗಳು ಕಾರ್ಡ್ ಪ್ರೆಸ್‌ನವರ ಕೈ ಖಾಲಿ ಇರುತ್ತದೆ, ರೇಟೂ ಇಳಿಯುತ್ತದೆ, ಮುಖ್ಯವಾಗಿ ನಮ್ಮ ಮಾತು ಕೇಳುವ ಪುರುಸೊತ್ತಿರುತ್ತದೆ. ಯಜಮಾನರು ಸ್ಕ್ರೀನ್ ಮಾಡಲು ಕೊಟ್ಟ ಚಿತ್ರದ ಫಿಲ್ಮ್ ತಿರುಗಿಸಿ ಮುರುಗಿಸಿ ನೋಡಿ, "ಏನಮ್ಮಾ, ಹುಡುಗ ಹುಡುಗಿ ಹೆಸರೇ ಇಲ್ವಲ್ಲ?" ಅಂದರು. ವಿಷಯ ಹೇಳಿದೆ. ಸಣ್ಣವರಿದ್ದಾಗ ಕರಗದ ದಿನ ಆ ಕೊಳದ ಹತ್ತಿರ ನಿಂತಿದ್ದು ಅವರಿಗೆ ನೆನಪಿತ್ತು. ಆಮೇಲೆ ಚೌಕಾಸಿ ಮಾಡುವ ಪ್ರಮೇಯವೇ ಬರಲಿಲ್ಲ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. 7 ಇಂಚಿನ ಚೌಕ, 300 ಜಿಎಸ್ಎಂ (ಕಾಗದದ ತೂಕದ ಅಳತೆ) ಬೋರ್ಡು, 220 ಕಾರ್ಡ್. ಬೋರ್ಡಿಗೆ 2,600 ಆಸುಪಾಸು. ಎರಡು ಸ್ಕ್ರೀನ್‌ಗೆ 1,400. ಒಂದು ಹೊಡೆತಕ್ಕೆ, ಅಂದರೆ ಒಂದು ಬಣ್ಣ ಒಂದು ಸಲ ಒತ್ತುವುದಕ್ಕೆ, 4 ರೂಪಾಯಿ, ಎರಡು ಬಣ್ಣ, ಅಂದರೆ 1,800ರ ಹತ್ತಿರ. ಕಟಿಂಗ್ 300. ಸುಮಾರು 6,000ದಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮೊದಲ ಸಲ ಬೊಟ್ಟನ್ನು ಚಿನ್ನದ ಬಣ್ಣದಲ್ಲಿ ಹಾಕಿಸಿದ್ದೆ. ಮದುವೆ ಕಾರ್ಡ್ ಪ್ರೆಸ್‌ಗೆ ಹೋಗಿ ಚಿನ್ನ ಬಿಡುವುದಾ ಅನ್ನುವ ಆಸೆ. ಕೈಯಲ್ಲಿ ಹಿಡಿದರೆ ಏನು ಚೆಂದ! ಫೋಟೋ ತೆಗೆದರೆ ಸಾಸಿವೆ ಬಣ್ಣ. ಲೋಹದ ಮಸಿ ಬೆಳಕನ್ನು ಕನ್ನಡಿ ಹಾಗೆ ವಾಪಸ್ ಎಸೆಯುತ್ತದೆ, ಕ್ಯಾಮೆರಾಗೆ ಅದು ಸಿಗದಿದ್ದರೆ ಕಂದು ಬಣ್ಣವೇ ಉಳಿಯುವುದು. ಮೇಲಾಗಿ ಬೆರಳಿಗೆ ಪುಡಿ ಅಂಟುತ್ತಿತ್ತು. 60 ಕಾರ್ಡ್ ದಂಡ, ಅಷ್ಟನ್ನು ಮತ್ತೆ ಮಾಡಿಸಬೇಕಾಯಿತು. ಆಮೇಲೆ ಕುಂಕುಮದ ಕೆಂಪಿಗೆ ಹೋದೆ. ಅವರ ಹತ್ತಿರ ಯಾವಾಗಲೂ ಕಲೆಸಿಟ್ಟ ಡಬ್ಬ ಇರುತ್ತದೆ.

ನಡುವೆ ಇನ್ನೊಂದು ಹುಚ್ಚು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಬಳಿದು ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಪುಂಡಿ ನಾರಿನ ಕುಂಚದಲ್ಲಿ. ಆ ಕೆಂಪು ಸಿಕ್ಕರೆ ಕೆರೆಯ ಮಣ್ಣೇ ಬಂದ ಹಾಗೆ ಅನ್ನಿಸಿತು. ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಮಸಿಗೆ ಬೆರೆಸಿದೆ. ಐದಾರು ಹೊಡೆತಕ್ಕೆ ಸ್ಕ್ರೀನಿನ ಬಲೆಯ ತೂತುಗಳು ಕಟ್ಟಿಕೊಂಡವು. ಹೊಸ ಸ್ಕ್ರೀನ್, ಮತ್ತೆ 700. ಅದೇ ಮಣ್ಣನ್ನು ಮನೆಯಲ್ಲಿ ಲಿನೋ (ಕೆತ್ತಿ ಅಚ್ಚು ಮಾಡುವ ಹಾಳೆ) ಮೇಲೆ ಹಚ್ಚಿ, ಹಿಂದಿನಿಂದ ಚಮಚದಲ್ಲಿ ಉಜ್ಜಿ ತೆಗೆದರೆ ಅದ್ಭುತವಾಗಿ ಬಂತು. ಹನ್ನೆರಡು ಪ್ರಿಂಟ್ ಇವೆ, ಮಾರುವುದಿಲ್ಲ.

ಅಕ್ಷರದ ಮಾತಿಗೆ ಬರುತ್ತೇನೆ. ಆಲ್ಬಂ ಹೆಸರಿನಲ್ಲಿ ಎರಡು ಒತ್ತಕ್ಷರ ಇದ್ದವು. ಸಿಗುವ ಫಾಂಟ್‌ಗಳಲ್ಲಿ ‘ಬಲೂ ತಮ್ಮ’ ಅನ್ನುವುದು ಚೆನ್ನಾಗಿಯೇ ನಿಂತಿತು, ಆದರೆ ಈ ಹಾಡಿಗೆ ಅದು ತೀರಾ ಖುಷಿಯ ಅಕ್ಷರ. ಚಪ್ಪಟೆ ಬ್ರಶ್‌ನಲ್ಲಿ ನಾನೇ ಬರೆದೆ. ಸ್ಪಾಟಿಫೈಯಲ್ಲಿ ಕವರಿನ ಅತಿ ಚಿಕ್ಕ ಅಳತೆ 64 ಪಿಕ್ಸೆಲ್. ಅಲ್ಲಿ ಕನ್ನಡದ ಒತ್ತು ಮೊದಲು ಸಾಯುತ್ತದೆ, ಹೊಟ್ಟೆ ತುಂಬಿಕೊಂಡು ಬರೀ ಚುಕ್ಕೆಯಾಗುತ್ತದೆ. ಒತ್ತನ್ನು ಮೂಲ ಅಕ್ಷರದ ಮುಕ್ಕಾಲು ಪಾಲಿನಷ್ಟು ದೊಡ್ಡದು ಮಾಡಿ, ಸ್ವಲ್ಪ ಕೆಳಗೆ ಇಳಿಸಿ, ಒಳಗಿನ ಖಾಲಿಯನ್ನು ಬಿಡಿಸಿದೆ. ತಲೆಕಟ್ಟು ಗಿಡ್ಡ ಮಾಡಿದೆ. ದೊಡ್ಡದಾಗಿ ನೋಡಿದರೆ ವಿಚಿತ್ರ, ಚಿಕ್ಕದಾದರೆ ಸರಿ. ಬೊಟ್ಟಿಗೂ ಹಾಗೇ. ನಕ್ಷೆಯ ಅಳತೆಗೆ ಇಟ್ಟರೆ ಸಾಸಿವೆ ಕಾಳಷ್ಟೂ ಬರುವುದಿಲ್ಲ. 6 ಮಿಲಿಮೀಟರ್ ಮಾಡಿದೆ. 64 ಪಿಕ್ಸೆಲ್‌ನಲ್ಲಿ ಅದು ಸುಮಾರು ಎರಡು ಪಿಕ್ಸೆಲ್ ಕೆಂಪು. ಅಷ್ಟು ಸಾಕು, ಕಣ್ಣು ಅಲ್ಲಿಗೇ ಹೋಗುತ್ತದೆ.

ಪ್ರಿಂಟ್ ಆದ ಕಾರ್ಡನ್ನು ಮೊದಲು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದೆ. ಸ್ಕ್ಯಾನರ್ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡಿತು. ಮಸಿಯ ದಪ್ಪವೇ ಮಾಯ. ಕೊನೆಗೆ ಬೆಳಗ್ಗೆ ಏಳರ ಹೊತ್ತಿಗೆ ಕಿಟಕಿಯ ಓರೆ ಬೆಳಕಿನಲ್ಲಿ ಕ್ಯಾಮೆರಾದಿಂದ ತೆಗೆದೆ. ಮಸಿಯ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಬಿತ್ತು, ಕೆರೆ ತಗ್ಗಿನಲ್ಲಿದೆ ಅನ್ನಿಸಿತು. ನನಗೆ ಬೇಕಿದ್ದುದು ಅದೇ. ಬೆಳಕಿನ ಎದುರು ಬದಿಗೆ ಏನು ಇಟ್ಟಿದ್ದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಊರಿಗೆ ಹಾಕಿದ ನೀಲಿಗಪ್ಪು ಮಸಿ ಕಲೆಸಿದ ಅಳತೆಯೂ ಅಷ್ಟೇ.

ಹಾಡು ಹಂಚುವ ಕಂಪನಿ ಒಂದು ಸಲ ಕವರ್ ವಾಪಸ್ ಕಳಿಸಿತು. 3000 ಪಿಕ್ಸೆಲ್, ಆರ್‌ಜಿಬಿ, ಎಲ್ಲಾ ಸರಿ ಇತ್ತು. ಕವರಿನಲ್ಲಿ ಹೆಸರು ಕನ್ನಡದಲ್ಲಿ, ನಾವು ತುಂಬಿದ ಫಾರಂನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ. ಹೊಂದಿಕೆಯಾಗಿಲ್ಲ ಅಂದರು. ಬ್ಯಾಂಡಿನವರು ಕವರ್ ಬದಲಿಸು ಅಂದರು. ನಾನು ಫಾರಂ ಬದಲಿಸಿ ಅಂದೆ. ಹತ್ತು ದಿನ ತಡವಾಯಿತು, ಆದರೆ ಈಗ ಎಲ್ಲಾ ಕಡೆ ಹೆಸರು ಕನ್ನಡದಲ್ಲೇ ಇದೆ.

ಕಾರ್ಡಿನ ಹಿಂದೆ ಹಾಡಿನ ಸಾಲು, ಕ್ಯೂಆರ್ ಕೋಡ್. ಡಿಸ್ಕೇ ಇಲ್ಲದ ಕವರನ್ನು 150 ರೂಪಾಯಿಗೆ ಯಾರು ಕೊಳ್ಳುತ್ತಾರೆ ಅಂತ ಡ್ರಮ್ಮರ್ ವಾದ ಮಾಡಿದ್ದ. ಮೊದಲ ಕಾರ್ಯಕ್ರಮದಲ್ಲೇ 70 ಹೋದವು. ಒಟ್ಟು 180ರಷ್ಟು ಮಾರಿದ್ದೇವೆ, 27,000 ಬಂತು. ದಂಡವೆಲ್ಲಾ ಸೇರಿ ಖರ್ಚು 8,500 ಇರಬಹುದು. ನನ್ನ ಸಂಭಾವನೆ 12,000 ಅದರಲ್ಲೇ ಹುಟ್ಟಿತು. ಬ್ಯಾಂಡಿಗೂ ಕೈಯಲ್ಲಿ ಒಂದಿಷ್ಟು ಉಳಿಯಿತು. ಕಾರ್ಡ್ ಕೊಂಡವರು ಖಾಲಿ ಜಾಗದ ಮೇಲೆ ಬೆರಳಾಡಿಸಿ ನೋಡುವುದನ್ನು ನಾನು ಮೇಜಿನ ಹಿಂದೆ ನಿಂತು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಈಗ ಇನ್ನೂ 150 ಬೇಕು ಅಂತ ಅದೇ ಡ್ರಮ್ಮರ್ ಹಿಂದೆ ಬಿದ್ದಿದ್ದಾನೆ. ಪ್ರೆಸ್‌ನಲ್ಲಿ ಕೇಳಿದೆ. ಲಗ್ನದ ಕೆಲಸ ಮೇಲಿಂದ ಮೇಲೆ ಬರುತ್ತಿದೆ, ಆಷಾಢ ಬರಲಿ ತಡೀಮ್ಮ ಅಂದಿದ್ದಾರೆ. ಸ್ಕ್ರೀನ್ ಎರಡನ್ನೂ ತೊಳೆಯಬೇಡಿ ಎಂದು ಹೇಳಿ ಬಂದಿದ್ದೇನೆ.